ಕಾಮಣ್ಣ ಮೊದಲೋ, ಕಾಲೊನಿ ಮೊದಲೋ: ಒಂದು ಠರಾವಿನ ಕಥೆ

"ಈ ವರ್ಷದಿಂದ ಕಾಲೊನಿಯ ಯಾವುದೇ ರಸ್ತೆ, ಸರ್ಕಲ್ ಅಥವಾ ಗಾರ್ಡನ್ ಪಕ್ಕ ಕಾಮಣ್ಣನನ್ನು ಸುಡುವಂತಿಲ್ಲ. ಮೀರಿದವರ ಮೇಲೆ ಪೊಲೀಸರಿಗೆ ದೂರು ಕೊಡಲಾಗುವುದು."

ಈ ಎರಡು ಸಾಲು ಬರೆದವನು ನಾನೇ. ಕಾಮಣ್ಣ ಅಂದರೆ ನಮ್ಮ ಕಡೆ ಹೋಳಿಯಲ್ಲಿ ಕೂರಿಸಿ ಸುಡುವ ಕಾಮದೇವನ ಮೂರ್ತಿ. ಆಗ ನಾನು ನಮ್ಮ ಕಾಲೊನಿ ಸಂಘದ ಕಾರ್ಯದರ್ಶಿ. ಠರಾವು ಪುಸ್ತಕದಲ್ಲಿ ಅದರ ಕೆಳಗೆ 11 ಸಹಿ ಇವೆ. ಆ 11 ಜನರಲ್ಲಿ ಬಾಡಿಗೆ ಮನೆಯವರು ಒಬ್ಬರೂ ಇಲ್ಲ, ಹೆಂಗಸರು ಒಬ್ಬರೂ ಇಲ್ಲ, ಹೋಳಿಯಲ್ಲಿ ಬಾರಿಸುವ ಹಲಗಿ ವಾದ್ಯ ಮುಟ್ಟಿದವರಂತೂ ಇಲ್ಲವೇ ಇಲ್ಲ. ಬರೆಯುವಾಗ ಇದು ನನ್ನ ಕಣ್ಣಿಗೆ ಬೀಳಲಿಲ್ಲ. ಜನವರಿಯಲ್ಲಿ ಪಾಸಾದ ಠರಾವು ಮಾರ್ಚ್ ಹೊತ್ತಿಗೆ ಏನಾಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಬೇರೆ ಕಡೆ ಸಂಘ ನಡೆಸುವವರಿಗೆ ಉಪಯೋಗ ಆಗಬಹುದು. ಆಗದಿದ್ದರೆ ನಗೋಕಾದರೂ ಆದೀತು.

ಮೊದಲು ಜಾಗದ ಪರಿಚಯ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆ ಆಗಿದ್ದು 1962ರಲ್ಲಿ. 2021ರ ಚುನಾವಣೆ ಹೊತ್ತಿಗೆ 82 ವಾರ್ಡು. ಊರು ಬೆಳೆಯುತ್ತಾ ಬೆಳೆಯುತ್ತಾ ಸುತ್ತಲಿನ ಹಳ್ಳಿಗಳನ್ನು ಒಳಗೆ ಹಾಕಿಕೊಂಡಿತು. ಉಣಕಲ್, ಗೋಪನಕೊಪ್ಪ, ಬೆಂಗೇರಿ, ನಾಗಶೆಟ್ಟಿಕೊಪ್ಪ, ಭೈರಿದೇವರಕೊಪ್ಪ ಎಲ್ಲ ಹಾಗೆ ಸೇರಿದವೇ. ಹೆಸರು ಪಾಲಿಕೆ ನಕ್ಷೆಯಲ್ಲಿ ವಾರ್ಡು ಅಂತ ಬಂದರೂ ಒಳಗೆ ಹೋದರೆ ಅಗಸಿ ಇದೆ, ಹನುಮಪ್ಪನ ಗುಡಿ ಇದೆ, ಗುಡಿ ಮುಂದೆ ಕಟ್ಟಿ ಇದೆ, ಕಟ್ಟಿ ಮೇಲೆ ಅಜ್ಜಂದಿರು ಇದ್ದಾರೆ. ಇಂಥ ಒಂದು ಹಳೇ ಊರಿನ ಹೊಲಗಳಲ್ಲಿ ಎದ್ದ ಲೇಔಟು ನಮ್ಮದು. ಯಾವುದು ಅಂತ ಹೇಳೋದಿಲ್ಲ, ನಾಳೆ ಹಾಲು ಬೇಕಲ್ವಾ. ಸುಮಾರು 140 ಸೈಟು, ಒಂದು ಗಾರ್ಡನ್, ಒಂದು ನಾಲಾ. ನಾಲಾದ ಆಚೆ ಹಳೇ ಊರು, ಈಚೆ ನಾವು.

ಸಂಘ 1960ರ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ನೋಂದಣಿ ಆಗಿದೆ. ಕಾಯ್ದೆ ಪ್ರಕಾರ 7 ಜನ ಸೇರಿದರೆ ಸಂಘ ಮಾಡಬಹುದು. ವರ್ಷಕ್ಕೊಮ್ಮೆ ಸಾಮಾನ್ಯ ಸಭೆ ಮಾಡಿ ಲೆಕ್ಕಪತ್ರ ಕೊಡಬೇಕು. ಯಾರು ಸದಸ್ಯರಾಗಬಹುದು ಅನ್ನೋದನ್ನು ಬೈಲಾದಲ್ಲಿ ನಾವೇ ಬರೆದುಕೊಳ್ಳುತ್ತೇವೆ. ನಮ್ಮ ಬೈಲಾದಲ್ಲಿ "ನಿವೇಶನದ ಮಾಲೀಕರು" ಅಂತಿದೆ. ಲೇಔಟು ಹೊಸದಾಗಿದ್ದಾಗ ಅದು ಸರಿಯೇ ಇತ್ತು. ಈಗ ಹೆಚ್ಚುಕಡಿಮೆ ಅರ್ಧ ಮನೆಯಲ್ಲಿ ಬಾಡಿಗೆದಾರರು. ಮಾಲೀಕರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಗಣಪತಿ ಪಟ್ಟಿ (ಚಂದಾ) ಕೊಡೋದು ಬಾಡಿಗೆಯವರು, ನಳಾ ಬರಲಿಲ್ಲ ಅಂತ ಫೋನ್ ಮಾಡೋದು ಬಾಡಿಗೆಯವರು, ಸಭೆಯಲ್ಲಿ ಕೈ ಎತ್ತೋದು ಮಾಲೀಕರು. ಅದೇ ಬಾಡಿಗೆಯವರು ಕಾರ್ಪೊರೇಟರನ್ನು ಆರಿಸಬಹುದು, ಆದರೆ ಗಾರ್ಡನ್ನಿಗೆ ಎಂಥ ಲೈಟು ಹಾಕಬೇಕು ಅಂತ ಹೇಳೋ ಹಾಗಿಲ್ಲ. ಜಗಳದ ಬೇರು ಇಲ್ಲೇ ಇತ್ತು. ಅದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ.

ಇನ್ನು ಹೋಳಿ. ಹೊರಗಿನವರಿಗೆ ಹೇಳಬೇಕು ಅಂದರೆ, ಹುಬ್ಬಳ್ಳಿಯಲ್ಲಿ ಬಣ್ಣ ಹುಣ್ಣಿಮೆ ಮರುದಿನ ಮುಗಿಯೋದಿಲ್ಲ, ರಂಗಪಂಚಮಿವರೆಗೂ ಐದು ದಿನ ಎಳೆಯುತ್ತದೆ. ಓಣಿ ಓಣಿಯಲ್ಲಿ ರತಿ-ಕಾಮಣ್ಣರನ್ನು ಕೂರಿಸುತ್ತಾರೆ. ಮೇದಾರ ಓಣಿಯ ಕಾಮಣ್ಣ, ನವಲಗುಂದದ ರಾಮಲಿಂಗ ಕಾಮಣ್ಣ ಅಂದರೆ ಜನ ಹರಕೆ ಹೊತ್ತುಕೊಂಡು ಹೋಗುತ್ತಾರೆ. ನಮ್ಮದು ಅಷ್ಟು ದೊಡ್ಡದಲ್ಲ. ಹುಣ್ಣಿಮೆಗೆ ಕೂರಿಸೋದು, ಐದನೇ ದಿನ ನಸುಕಿನಲ್ಲಿ ಸುಡೋದು, ಬೆಳಗಾದ ಮೇಲೆ ಬಣ್ಣ. ಅದಕ್ಕೆ ಮುಂಚೆ ಒಂದು ವಾರ ಹುಡುಗರಿಗೆ ಕಟ್ಟಿಗೆ, ಕುಳ್ಳು ಕದಿಯುವ ಕೆಲಸ. ಈ ಕಳವಿಗೆ ಯಾರೂ ಬೈಯಬಾರದು ಅನ್ನೋದು ಹಳೇ ಕರಾರು.

ಹಿಂದಿನ ವರ್ಷ ಆ ಕರಾರು ಹರಿಯಿತು. ಮೂಲೆ ಸೈಟಿನಲ್ಲಿ ಒಬ್ಬ ಸದಸ್ಯರು ಮನೆ ಕಟ್ಟಿಸುತ್ತಿದ್ದರು. ಸ್ಲ್ಯಾಬಿಗೆ ಅಂತ ಜೋಡಿಸಿಟ್ಟ ಸೆಂಟ್ರಿಂಗ್ ಹಲಗೆ ರಾತ್ರೋರಾತ್ರಿ ಹೋಯಿತು. ಒಂದೆರಡಲ್ಲ, ಪೂರ್ತಿ ಒಂದು ಕೋಣೆಯ ಹಲಗೆ. ಬಾಡಿಗೆಗೆ ತಂದ ಹಲಗೆ ಅದು. ಬೆಳಿಗ್ಗೆ ಅವರು ಬಂದು ನೋಡುವ ಹೊತ್ತಿಗೆ ಕಾಮಣ್ಣನ ಜೊತೆ ಹಲಗೆಯೂ ಬೂದಿ. ಕಟ್ಟಿಗೆ ಅಂದರೆ ಒಣ ಟೊಂಗೆ, ಮುರಿದ ಕುರ್ಚಿ. ಸೆಂಟ್ರಿಂಗ್ ಹಲಗೆ ಕಟ್ಟಿಗೆ ಅಲ್ಲ ಅಂತ ಹುಡುಗರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರಲ್ಲಿ ಒಬ್ಬ ಸ್ವತಃ ಗೌಂಡಿ, ಗಾರೆ ಕೆಲಸದವ.

ಜೊತೆಗೆ ರಸ್ತೆ. ನಾಲ್ಕು ವರ್ಷ ಪಾಲಿಕೆಗೆ ಓಡಾಡಿ ಮಾಡಿಸಿಕೊಂಡ ಸಿಸಿ ರಸ್ತೆ, ಆಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಬೆಂಕಿ ಹಚ್ಚಿದ್ದು ಸರಿಯಾಗಿ ಅದರ ನಡುವೆ. ಹೊಸ ಕಾಂಕ್ರೀಟಿನ ಒಳಗೆ ತೇವ ಇರುತ್ತದೆ, ಬೆಂಕಿ ತಗುಲಿದರೆ ಅದು ಆವಿಯಾಗಿ ಮೇಲಿನ ಪದರವನ್ನು ಒದ್ದು ಎಬ್ಬಿಸುತ್ತದೆ. ಪಟ್ ಪಟ್ ಅಂತ ಸಿಡಿಯುವ ಸದ್ದು ನನಗೆ ಮಲಗಿದ್ದಲ್ಲೇ ಕೇಳಿಸಿತು, ಪಟಾಕಿ ಇರಬೇಕು ಅಂದುಕೊಂಡೆ. ಬೂದಿ ಗುಡಿಸಿದ ಮೇಲೆ ನೋಡಿದರೆ ಎತ್ತಿನ ಗಾಡಿ ನಿಲ್ಲುವಷ್ಟು ಜಾಗ ಹಪ್ಪಳ ಎದ್ದ ಹಾಗೆ ಎದ್ದಿತ್ತು. ಕಾಲಲ್ಲಿ ತಳ್ಳಿದರೆ ಚಕ್ಕೆ ಚಕ್ಕೆಯಾಗಿ ಬರುತ್ತಿತ್ತು.

ಹಾಗಾಗಿ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅದನ್ನು ಹೇಳಲೇಬೇಕು. ಆದರೆ ಆ ಸಿಟ್ಟನ್ನು ಹತ್ತು ತಿಂಗಳು ಹುಳಿ ಹಿಡಿಸಿ, ಜನವರಿಯ ಸಾಮಾನ್ಯ ಸಭೆಯಲ್ಲಿ "ಇತರೆ ವಿಷಯ"ದಲ್ಲಿ ತಂದು, ಚಹಾ ಬರುವುದರೊಳಗೆ ಠರಾವು ಮಾಡಿ ಮುಗಿಸಿದೆವು. ಆ ಹುಡುಗರನ್ನು ಒಬ್ಬರನ್ನೂ ಕರೆಯಲಿಲ್ಲ. "ಹೊರಗಿನ ಹುಡುಗರು" ಅಂತಲೇ ಸಭೆ ತುಂಬಾ ಮಾತು. ಆಮೇಲೆ ಲೆಕ್ಕ ಹಾಕಿದರೆ ಆ ಗುಂಪಿನಲ್ಲಿ ಅರ್ಧ ಹಳೇ ಊರಿನವರು, ಇನ್ನರ್ಧ ನಮ್ಮ ಕಾಲೊನಿಯ ಬಾಡಿಗೆ ಮನೆಗಳ ಮಕ್ಕಳು! ನಮ್ಮ ಅಧ್ಯಕ್ಷರ ಮನೆಯ ಮೇಲಿನ ಮಹಡಿಯ ಹುಡುಗನೂ ಇದ್ದ.

ಠರಾವಿನ ಪ್ರತಿಯನ್ನು ಸರ್ಕಲ್ಲಿನ ಕಂಬಕ್ಕೆ ಅಂಟಿಸಿದೆ. ಮರುದಿನ ಹರಿದಿತ್ತು. ಮತ್ತೆ ಅಂಟಿಸಿದೆ. ಈ ಸಲ ಹರಿದಿರಲಿಲ್ಲ, ಅದರ ಮೇಲೆ ಕುಂಕುಮ ಹಚ್ಚಿ ಊದುಬತ್ತಿ ಸಿಗಿಸಿದ್ದರು. ನಗು ಬಂದರೂ ನಗಲಿಲ್ಲ, ಕಾರ್ಯದರ್ಶಿ ಅಲ್ವಾ.

ಮೂರನೇ ದಿನ ಹಾಲು ಬರಲಿಲ್ಲ. ನಮ್ಮ ಕಡೆಯ ಹಾಲು ಹೆಚ್ಚುಕಡಿಮೆ ಎಲ್ಲ ಹಳೇ ಊರಿನಿಂದಲೇ. ಫೋನ್ ಮಾಡಿದೆ. ಹಾಲಿನ ಕಾಕಾ ಬಹಳ ಮರ್ಯಾದೆಯಿಂದ ಹೇಳಿದರು, "ಎಮ್ಮಿ ಬತ್ಯಾವ್ರಿ ಸರ." ಎಲ್ಲರ ಎಮ್ಮೆಯೂ ಒಂದೇ ದಿನ ಬತ್ತಿದವೇ ಕಾಕಾ ಅಂದೆ. "ಏನ್ ಮಾಡೂದ್ರಿ, ಠರಾವ ಮಾಡ್ಯಾವ ಕಾಣ್ತೈತಿ." ಫೋನ್ ಇಟ್ಟ ಮೇಲೆ ನನ್ನ ಹೆಂಡತಿ ಅರ್ಧ ಗಂಟೆ ನಕ್ಕಳು. ಪಾಕೀಟಿನ ಹಾಲು ತಂದು ಚಹಾ ಕುಡಿದೆವು. ನಾಲ್ಕನೇ ದಿನ ಮನೆಗೆಲಸದವರೂ ಎರಡು ಮನೆಗೆ ಬರಲಿಲ್ಲ. ಗ್ರೂಪಿನಲ್ಲಿ "ಪೊಲೀಸ್ ಕಂಪ್ಲೇಂಟ್ ಕೊಡಿ" ಅನ್ನುವವರು ಜಾಸ್ತಿಯಾದರು, ಅದರಲ್ಲಿ ಅರ್ಧ ಜನ ಪುಣೆಯಿಂದಲೇ ಟೈಪ್ ಮಾಡುತ್ತಿದ್ದರು.

ಠಾಣೆಗೂ ಹೋಗಿದ್ದೆವು. ಹೋಳಿಗೆ ಮುಂಚೆ ಅವರೇ ಶಾಂತಿ ಸಭೆ ಕರೆಯುತ್ತಾರೆ, ಅಷ್ಟರೊಳಗೆ ನೀವು ನೀವೇ ಕೂತು ಮಾತಾಡಿ ಅಂದರು. ಆಗ ಕೈ ತೊಳೆದುಕೊಂಡರು ಅನಿಸಿತ್ತು. ಅವರು ಹೇಳಿದ್ದು ಸರಿಯಾಗಿತ್ತು ಅಂತ ಈಗ ಅನಿಸುತ್ತದೆ.

ಮಾತು ತಿರುಗಿದ್ದು ಒಬ್ಬ ಅಜ್ಜನಿಂದ. ಹಳೇ ಊರಿನವರು, ಲೈನ್‌ಮನ್ ಆಗಿದ್ದು ರಿಟೈರ್ ಆದವರು. ಒಂದು ಸಂಜೆ ಗಾರ್ಡನ್ ಗೇಟಿನ ಮುಂದೆ ಸಿಕ್ಕರು. ಗೇಟಿಗೆ ಸಂಘದ ಬೀಗ, ಮೇಲೆ "ಸದಸ್ಯರಿಗೆ ಮಾತ್ರ" ಅಂತ ಬೋರ್ಡು. ಅಜ್ಜ ಆ ಬೋರ್ಡು ಓದಿ ನನ್ನ ಕಡೆ ತಿರುಗಿದರು. "ಸರ, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಕಾಮಣ್ಣ ನಿಮ್ಮ ಪ್ಲಾಟಿಗೆ ಬಂದಾನೋ, ನಿಮ್ಮ ಪ್ಲಾಟು ಕಾಮಣ್ಣನ ಜಾಗಾಕ್ಕ ಬಂದಾವೋ?"

ನಮ್ಮ ಸರ್ಕಲ್ ಇರುವ ಜಾಗ ಮೊದಲು ಹೊಲದ ಬದುವಂತೆ. ಊರಿನ ಕಾಮಣ್ಣನನ್ನು ಅಲ್ಲೇ ಸುಡುತ್ತಿದ್ದರಂತೆ, ಅಜ್ಜ ಚಿಕ್ಕವರಿದ್ದಾಗಿನಿಂದ. ಹೊಲ ಮಾರಿದರು, ಲೇಔಟು ಬಂತು, ರಸ್ತೆ ಬಂತು, ನಾವು ಬಂದೆವು. ಕಾಮಣ್ಣ ಮಾತ್ರ ಅಲ್ಲೇ ಉಳಿದ. ಹೋಗುವ ಮುಂಚೆ ಇನ್ನೊಂದು ಕೇಳಿದರು. "ಈ ಗಾರ್ಡನ್ ಯಾರ ಹೆಸರಿನ್ಯಾಗ ಐತ್ರಿ?"

ಸಂಘದ್ದು ಅಂತ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಮರುದಿನ ನವನಗರದ ಹುಡಾ (ನಗರಾಭಿವೃದ್ಧಿ ಪ್ರಾಧಿಕಾರ) ಕಚೇರಿಗೆ ಹೋಗಿ ಲೇಔಟಿನ ಮಂಜೂರಾದ ನಕ್ಷೆ ನೋಡಿದೆ. ಲೇಔಟು ಮಾಡುವವರು ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗಗಳನ್ನು ದುಡ್ಡು ತಗೊಳ್ಳದೆ ಸರ್ಕಾರಿ ಸಂಸ್ಥೆಗೆ ಬಿಟ್ಟುಕೊಡಬೇಕು, ಅದಕ್ಕೆ ನೋಂದಣಿಯಾದ ಪತ್ರ ಇರುತ್ತದೆ. ನಮ್ಮದೂ ಹಾಗೇ ಬಿಟ್ಟುಕೊಟ್ಟದ್ದು. ರಸ್ತೆ ನಮ್ಮದಲ್ಲ, ಸರ್ಕಲ್ ನಮ್ಮದಲ್ಲ, ಇಷ್ಟು ವರ್ಷ ಬೀಗ ಹಾಕಿಕೊಂಡು ಕೂತಿದ್ದ ಗಾರ್ಡನ್ನೂ ನಮ್ಮದಲ್ಲ. ಉದ್ಯಾನ, ಬಯಲು ಜಾಗಗಳನ್ನು ಉಳಿಸೋಕೆ ಅಂತ 1985ರಲ್ಲೇ ಒಂದು ಕಾಯ್ದೆ ಬಂದಿದೆ. ಅದರ ಪ್ರಕಾರ ಗಾರ್ಡನ್ ಗಾರ್ಡನ್ನಾಗಿಯೇ ಇರಬೇಕು. ಅಂದರೆ ಹುಡುಗರು ಅದರೊಳಗೆ ಬೆಂಕಿ ಹಾಕುವಂತಿಲ್ಲ, ಸರಿ. ಆದರೆ ನಾವು ಬೀಗ ಹಾಕುವಂತೆಯೂ ಇಲ್ಲ. ಇಷ್ಟೆಲ್ಲ ಓದಿ ಬಂದು ಠರಾವು ಪುಸ್ತಕ ತೆರೆದು ನೋಡಿದೆ. ಯಾರದೋ ಹೊಲಕ್ಕೆ ನಾನು ಬೇಲಿ ಹಾಕಿದ ಹಾಗಿತ್ತು.

ಸಮಿತಿಯಲ್ಲಿ ಇದನ್ನು ಹೇಳಿದಾಗ ಇಬ್ಬರು ಎದ್ದು ಹೋದರು. ಒಬ್ಬರು ಹಲಗೆ ಕಳಕೊಂಡವರು. ಅವರ ಮಾತು ನ್ಯಾಯವಾದದ್ದೇ. "ನಿಮ್ಮ ಅಜ್ಜನ ಕಥೆ ಚೆನ್ನಾಗಿದೆ, ನನ್ನ ಹಲಗೆಗೆ ಯಾರು ಕೊಡ್ತಾರೆ?"

ಕೂತು ಮಾತಾಡೋಣ ಅಂತ ಆಯಿತು. ಎಲ್ಲಿ? ನಮ್ಮ ಸಂಘದ ಆಫೀಸಿಗೆ ಬನ್ನಿ ಅಂದರೆ ಅವರು ಬರಲಿಲ್ಲ. ಕೊನೆಗೆ ಹನುಮಪ್ಪನ ಗುಡಿ ಕಟ್ಟಿಗೆ ನಾವೇ ಹೋದೆವು. ಇಡೀ ಪ್ರಕರಣದಲ್ಲಿ ನಾನು ಮಾಡಿದ ಒಂದು ಬುದ್ಧಿವಂತಿಕೆಯ ಕೆಲಸ ಅದು. ಅದೂ ನನ್ನದಲ್ಲ, ಹೆಂಡತಿ ಹೇಳಿದ್ದು. ಅವಳು ಇನ್ನೊಂದು ಕೆಲಸವನ್ನೂ ಮಾಡಿದಳು. ಕಾಲೊನಿಯ ಹತ್ತು ಹನ್ನೆರಡು ಹೆಂಗಸರನ್ನು, ಬಾಡಿಗೆ ಮನೆಯವರನ್ನೂ ಸೇರಿಸಿ, ಕರೆದುಕೊಂಡು ಬಂದಳು. ಕಟ್ಟಿಯ ಮೇಲೆ ಚುರುಮುರಿ, ಮಿರ್ಚಿ, ಚಹಾ. ನೋಟಿಸು ಇಲ್ಲ, ಅಜೆಂಡಾ ಇಲ್ಲ.

ಮೊದಲ ಒಂದು ಗಂಟೆ ಬರೀ ಕೂಗಾಟ. ಹುಡುಗರು ನಮ್ಮನ್ನು "ಬೀಗದ ಮಂದಿ" ಅಂದರು. ನಾವು ಅವರನ್ನು ಏನಂದೆವು ಅಂತ ಬರೆಯೋದು ಬೇಡ. ಆಮೇಲೆ ಊರಿನ ಒಬ್ಬ ಅಜ್ಜಿ ಎದ್ದರು. ಅಷ್ಟು ಹೊತ್ತು ಗಂಡಸರೆಲ್ಲ ರಸ್ತೆ, ಜಾಗ, ಹಕ್ಕು ಅಂತಿದ್ದರು. ಅಜ್ಜಿ ಕೆಂಡದ ಮಾತು ತೆಗೆದರು. "ಕಾಮಣ್ಣ ಗಂಡಸೂರದಷ್ಟ ಅಲ್ಲ. ಬೆಂಕಿ ಹಚ್ಚೋರು ಅವರಾದ್ರ, ಕೆಂಡ ಮನಿಗೆ ಒಯ್ಯೋರು ನಾವು. ಆ ಕೆಂಡದಾಗ ಟಾಯರ್ ನಾರತೈತಿ ಈಗ. ಅದರಾಗ ಒಲಿ ಹಚ್ಚಲೇನ?" ಹುಡುಗರ ಕಡೆ ತಿರುಗಿ ಇನ್ನೊಂದು ಸೇರಿಸಿದರು. "ಬೊಬ್ಬಿ ಹೊಡಕೋರಿ, ಬ್ಯಾಡ ಅನ್ನಂಗಿಲ್ಲ. ಹುಡುಗ್ಯಾರ ಇರೋ ಮನಿ ಮುಂದ ನಿಂತು ಹೊಲಸ ಮಾತಾಡಿದ್ರ ನಿಮ್ಮ ಹಲಗಿ ನಾನ ಹರೀತೀನಿ." ಕಾಲೊನಿಯ ಹೆಂಗಸರು ಚಪ್ಪಾಳೆ ಹೊಡೆದರು. ಅಲ್ಲಿಂದ ಮಾತು ದಾರಿಗೆ ಬಂತು.

ಜಾಗದ ವಿಷಯ ಸಲೀಸಾಗಿ ಮುಗಿಯಿತು. ಸರ್ಕಲ್ಲಿನಿಂದ ಮೂವತ್ತು ಹೆಜ್ಜೆಗೆ, ಗಾರ್ಡನ್ ಕಾಂಪೌಂಡಿನ ಹೊರಗೆ ನಾಲಾ ಬದಿಗೆ, ಖಾಲಿ ಮಣ್ಣಿನ ಜಾಗ ಇದೆ. ಅಜ್ಜ ಹೋಗಿ ನಿಂತು ನೋಡಿ, ಬದು ಇಲ್ಲಿತನಕಾನೂ ಇತ್ತು, ನಡೀತೈತಿ ಅಂದರು. ಒಂದು ಮೊಳ ಗರಸು ಮಣ್ಣು ಹಾಕಿ ಸುತ್ತಲೂ ಇಟ್ಟಿಗೆ ಜೋಡಿಸೋದು ಅಂತಾಯಿತು. ಟೈರು, ಪ್ಲಾಸ್ಟಿಕ್ ಬೇಡ. ಕಸ ಬಯಲಲ್ಲಿ ಸುಡೋದನ್ನು ಘನತ್ಯಾಜ್ಯ ನಿಯಮವೇ ಬೇಡ ಅನ್ನುತ್ತದೆ ಅಂತ ನಾನು ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಜ್ಜಿ ಹೇಳಿಯಾಗಿತ್ತಲ್ಲ, ಅಷ್ಟೇ ಸಾಕಿತ್ತು. ಸೌಂಡ್ ಬಾಕ್ಸ್ ರಾತ್ರಿ 10ಕ್ಕೆ ಬಂದ್, ಅದು 2000ದ ಶಬ್ದ ನಿಯಮದಲ್ಲಿರೋದೇ. ನಸುಕಿನಲ್ಲಿ ಬರೀ ಹಲಗಿ.

ಸಿಕ್ಕಿಬಿದ್ದಿದ್ದು ಕಳವಿನ ಪ್ರಶ್ನೆಯಲ್ಲಿ. ಪ್ರತಿ ಮನೆಯವರೂ ಬೇಡವಾದ ಕಟ್ಟಿಗೆಯನ್ನು ಗೇಟಿನ ಹೊರಗೆ ಇಡ್ತೇವೆ, ನೀವು ಒಯ್ಯಿರಿ ಅಂದೆವು. ಹುಡುಗರ ಮುಖ ಬಾಡಿತು. ಒಬ್ಬ ಹನ್ನೆರಡು ವರ್ಷದವನು ಎದ್ದು ನಿಂತು ಕೇಳಿದ, "ಇಟ್ಟಿದ್ದನ್ನ ಒಯ್ದರ ಅದು ಕಳವು ಹೆಂಗ ಆಗತೈತ್ರಿ?" ಯಾರ ಹತ್ತಿರವೂ ಉತ್ತರ ಇರಲಿಲ್ಲ. ಇಪ್ಪತ್ತು ನಿಮಿಷ, ದೊಡ್ಡವರು ಮೂವತ್ತು ಜನ ಕೂತು, ಕಳವು ಅಂದರೇನು ಅಂತ ಚರ್ಚೆ ಮಾಡಿದೆವು. ಕೊನೆಗೆ ಹೀಗೆ: ಕಟ್ಟಿಗೆ ಕೊಡಲು ಒಪ್ಪಿದ ಮನೆಯ ಗೇಟಿಗೆ ಒಂದು ಗೆರೆ ಸುಣ್ಣ. ಕಟ್ಟಿಗೆ ಕಾಂಪೌಂಡಿನ ಒಳಗೆ ಎಲ್ಲೋ ಇರುತ್ತದೆ, ಎಲ್ಲಿ ಅಂತ ಹೇಳೋದಿಲ್ಲ. ಹುಡುಕಿ ಕದಿಯಬೇಕು. ಸುಣ್ಣ ಇಲ್ಲದ ಮನೆಗೆ ಕಾಲಿಡುವಂತಿಲ್ಲ. ಮನೆಯವರು ನೋಡಿದರೆ ಬೈಯಬಹುದು, ಆದರೆ ಸುಳ್ಳು ಸುಳ್ಳೇ.

ಹಲಗೆಯ ದುಡ್ಡು ಪೂರ್ತಿ ಬಗೆಹರಿಯಲಿಲ್ಲ. ಗೌಂಡಿ ಹುಡುಗ ತಪ್ಪಾಯಿತು ಅಂತ ಒಪ್ಪಿಕೊಂಡು, ಎದ್ದ ರಸ್ತೆಯ ಭಾಗವನ್ನು ತಾನೇ ಕೆತ್ತಿ ಪ್ಯಾಚ್ ಹಾಕಿಕೊಡುತ್ತೇನೆ ಅಂದ, ಕಾರ್ಪೊರೇಟರಿಗೂ ಹೇಳಿ ಹಾಕಿಯೂ ಕೊಟ್ಟ. ಸಿಮೆಂಟು ಸಂಘದ್ದು. ಹಲಗೆಗೆ ಅಂತ ಹುಡುಗರ ಮಂಡಳದವರು ಪಟ್ಟಿ ಹಣದಲ್ಲಿ ಸ್ವಲ್ಪ ಕೊಡೋಕೆ ಬಂದರು. ಹಲಗೆ ಕಳಕೊಂಡವರು ತಗೊಳ್ಳಲಿಲ್ಲ. ಸಮಿತಿಗೆ ರಾಜೀನಾಮೆ ಕೊಟ್ಟರು. ಅವರ ಗೇಟಿಗೆ ಆ ವರ್ಷ ಸುಣ್ಣ ಬೀಳಲಿಲ್ಲ, ಯಾರೂ ಒಳಗೆ ಹೋಗಲೂ ಇಲ್ಲ. ಈಗಲೂ ನನ್ನ ಜೊತೆ ನಮಸ್ಕಾರದಷ್ಟೇ ಮಾತು.

ಪಟ್ಟಿಗೆ ಒಂದೇ ಪಾವತಿ ಪುಸ್ತಕ ಮಾಡಿದೆವು. ಸಂಘದ ಒಬ್ಬರು, ಮಂಡಳದ ಒಬ್ಬರು ಜೊತೆಯಾಗಿಯೇ ಮನೆ ಮನೆಗೆ ಹೋದರು. ಹಿಂದೆ "ಯಾವ ಪಟ್ಟಿ, ಯಾರಿಗೆ" ಅಂತ ಬಾಗಿಲು ಹಾಕುತ್ತಿದ್ದವರು ಈ ಸಲ ಕೊಟ್ಟರು.

ಹಾಲು? ಮರುದಿನ ಬೆಳಿಗ್ಗೆ ಐದೂವರೆಗೆ ಬಂತು. "ಕರ ಹಾಕ್ಯಾವೇನ್ ಕಾಕಾ?" ಅಂತ ನನ್ನ ಹೆಂಡತಿ ಕೇಳಿದಳಂತೆ.

ಐದನೇ ದಿನ ನಸುಕಿನಲ್ಲಿ ಕಾಮಣ್ಣ ಹೊತ್ತಿಕೊಂಡ. ಗರಸಿನ ಮೇಲೆ, ಇಟ್ಟಿಗೆ ಒಳಗೆ, ನೀರಿನ ಎರಡು ಡ್ರಮ್ ಪಕ್ಕದಲ್ಲಿ. ಹಲಗಿ ಜೋರಾಗಿತ್ತು, ನಿದ್ದೆ ಯಾರಿಗೂ ಆಗಲಿಲ್ಲ, ಯಾರೂ ಬೈಯಲೂ ಇಲ್ಲ. ನಮ್ಮ ಅಮ್ಮ ಹಳೇ ಹಂಚಿನಲ್ಲಿ ಎರಡು ಕೆಂಡ ತಂದು ಗ್ಯಾಸ್ ಒಲೆ ಪಕ್ಕ ಇಟ್ಟು ಕೈ ಮುಗಿದರು. ಎಲ್ಲಾ ಸುಸೂತ್ರ ಆಯಿತು ಅಂತ ನಾನು ಎದೆ ಉಬ್ಬಿಸಿಕೊಂಡು ಸ್ನಾನಕ್ಕೆ ಹೋದೆ. ಬಂದು ಫೋನ್ ನೋಡಿದರೆ ವೈಫೈ ಇಲ್ಲ. ಪಕ್ಕದ ಮನೆಗೂ ಇಲ್ಲ. ಇಡೀ ಕಾಲೊನಿಗೇ ಇಲ್ಲ. ನಾಲಾ ಬದಿಯ ಬೇವಿನ ಮರದಿಂದ ಕಂಬಕ್ಕೆ ಇಂಟರ್ನೆಟ್ ಕೇಬಲ್ ಜೋತು ಬಿದ್ದಿತ್ತು, ಅದು ಕರಗಿ ಹೋಗಿತ್ತು. ಹದಿನೈದು ದಿನ ಎಲ್ಲರೂ ನೆಲ ನೋಡಿದ್ದೆವು. ತಲೆ ಎತ್ತಿ ಮೇಲೆ ನೋಡಿದವರು ಒಬ್ಬರೂ ಇಲ್ಲ, ಲೈನ್‌ಮನ್ ಅಜ್ಜನೂ ಇಲ್ಲ. ಕರೆಂಟಿನ ವೈರ್ ಆ ಬದಿಗೆ ಇರಲಿಲ್ಲ, ಪುಣ್ಯ. ಎರಡು ದಿನ ಮನೆಯಿಂದ ಕೆಲಸ ಮಾಡುವವರೆಲ್ಲ ನನ್ನ ಮನೆ ಮುಂದೆ ಬಂದು ನಿಂತು, ಬಣ್ಣ ಹಚ್ಚಿಯೇ ಬೈದರು.

ಮುಂದಿನ ಸಲಕ್ಕೆ ಜಾಗ ಇನ್ನೂ ಎಂಟು ಹೆಜ್ಜೆ ಆಚೆ. ಗೂಟ ಹೊಡೆದು ಇಟ್ಟಿದ್ದೇವೆ.

ಗಾರ್ಡನ್ನಿನ ಬೀಗ ತೆಗೆದಾಯಿತು. ಆದರೆ ಬೀಗ ಗೇಟಿಗೇ ನೇತಾಡುತ್ತಿದೆ, ಅದನ್ನು ಪೂರ್ತಿ ಬಿಚ್ಚೋಕೆ ಕೆಲವರಿಗೆ ಇನ್ನೂ ಮನಸ್ಸಿಲ್ಲ. ಸಂಜೆ ಹಳೇ ಊರಿನ ಮಕ್ಕಳು ಜಾರುಬಂಡಿ ಆಡೋಕೆ ಬರುತ್ತಾರೆ. ಹುಲ್ಲು ಹಾಳಾಯಿತು ಅಂತ ಗ್ರೂಪಿನಲ್ಲಿ ವಾರಕ್ಕೊಂದು ಫೋಟೋ ಬೀಳುತ್ತದೆ. ಹುಲ್ಲು ಹಾಳಾಗಿದ್ದು ನಿಜವೇ.

ಪಾಲಿಕೆಯ ವಾರ್ಡ್ ಸಮಿತಿಯ ವಿಷಯವನ್ನೂ ಓದಿಕೊಂಡೆ. ಕಾನೂನಿನಲ್ಲಿ ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ 10 ಸದಸ್ಯರು. ಅದರಲ್ಲಿ ಕನಿಷ್ಠ 3 ಹೆಂಗಸರು, ಪರಿಶಿಷ್ಟ ಜಾತಿ-ಪಂಗಡದವರು 2, ನಿವಾಸಿಗಳ ಸಂಘಗಳಿಂದ 2. ಆ ಲೆಕ್ಕದಲ್ಲಿ ನೋಡಿದರೆ ನಮ್ಮ 11 ಸಹಿಯ ಸಮಿತಿ ಎಲ್ಲಿಗೂ ಸಲ್ಲುವುದಿಲ್ಲ. ಅದಕ್ಕೇ ಬೈಲಾ ತಿದ್ದುಪಡಿ ಬರೆದೆ. "ನಿವೇಶನದ ಮಾಲೀಕರು" ಅನ್ನೋ ಜಾಗದಲ್ಲಿ "ಕಾಲೊನಿಯಲ್ಲಿ ಒಂದು ವರ್ಷದಿಂದ ವಾಸವಿರುವವರು" ಅಂತ. ಸಾಮಾನ್ಯ ಸಭೆ ಒಪ್ಪಬೇಕು, ಆಮೇಲೆ ನೋಂದಣಿ ಕಚೇರಿಗೆ ಕಳಿಸಬೇಕು. ಎರಡು ಸಲ ಸಭೆ ಕರೆದೆ, ಎರಡೂ ಸಲ ಕೋರಂ ಆಗಲಿಲ್ಲ. ಮಾಲೀಕರು ಊರಲ್ಲಿಲ್ಲ, ಊರಲ್ಲಿ ಇರುವವರು ಮಾಲೀಕರಲ್ಲ. ಮೂರನೇ ಸಭೆ ಬರುವ ಭಾನುವಾರ, ಈ ಸಲ ಹನುಮಪ್ಪನ ಕಟ್ಟಿ ಮೇಲೆ. ನೋಟಿಸಿನ ಕೊನೆಗೆ ಗಿರ್ಮಿಟ್ ಇದೆ ಅಂತಲೂ ಬರೆದಿದ್ದೇನೆ. ಎಷ್ಟು ಜನ ಬರುತ್ತಾರೋ ನೋಡೋಣ.